ಬೂಟಿನ ಕೆಳಗಿನ ಮುಖ

ಹೋದ ತಿಂಗಳು ನನ್ನ ಜಾಗಕ್ಕೆ ಬಂದಿರುವ ಹೊಸ ಡ್ರಾಯಿಂಗ್ ಮಾಸ್ತರರು ಮನೆ ಹುಡುಕಿಕೊಂಡು ಬಂದರು. ಚಹಾ ಕುಡಿದ ಮೇಲೆ, "ಈ ಕೆಲಸದಲ್ಲಿ ಮುಖ್ಯವಾಗಿ ಯಾವುದನ್ನು ಜೋಪಾನ ಮಾಡಬೇಕು?" ಎಂದು ಕೇಳಿದರು. "ರಬ್ಬರು" ಎಂದೆ. ಅವರು ನಕ್ಕರು. ನಾನು ನಗಿಸಲೆಂದು ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ಕೋಟಿನ ಎರಡೂ ಕಿಸೆಯಲ್ಲಿ ಒಂದೊಂದು ರಬ್ಬರು ಇಟ್ಟುಕೊಂಡು ಶಾಲೆಗೆ ಹೋದವನು ನಾನು. ಎರಡೂ ಕಳೆದರೆ ಇರಲಿ ಎಂದು ಮೂರನೆಯದನ್ನು ಛತ್ರಿಯ ಹಿಡಿಕೆಗೆ ಕಟ್ಟಿಕೊಂಡಿರುತ್ತಿದ್ದೆ. ಅಳಿಸಲಾಗದ ಗೆರೆಯೊಂದು ಒಂದಲ್ಲ ಒಂದು ದಿನ ನನ್ನ ಕೈಯಿಂದ ಬಿದ್ದೇ ಬೀಳುತ್ತದೆ ಎಂಬ ಭಯ ನೌಕರಿಗೆ ಸೇರಿದ ದಿನವೇ ನನಗೆ ಹತ್ತಿತ್ತು. ಅದು ಬಿದ್ದ ಕಥೆಯನ್ನು ಅವರಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರ ಮೋಟಾರಿನ ಹೊತ್ತಾಯಿತು. ಆದ್ದರಿಂದ ಅವರಿಗೇ ಬರೆಯುತ್ತಿದ್ದೇನೆ.

ನನಗೆ ಈಗ ನಲವತ್ತೊಂಬತ್ತು. ಇಷ್ಟು ಬೇಗ ಪಿಂಚಣಿಯೇ ಎಂದು ಕಾರವಾರದ ಮಂದಿ ಕೇಳುತ್ತಾರೆ. ಕಣ್ಣು ಮಂಜಾಯಿತು. ಕಪ್ಪುಹಲಗೆಯ ಮೇಲೆ ನಾನೇ ಎಳೆದ ಗೆರೆ ನನಗೇ ಎರಡಾಗಿ ಕಾಣತೊಡಗಿದಾಗ ಡಾಕ್ಟರರು ಸಾಕು ಎಂದರು. ಬಡ್ತಿಯ ವಿಷಯದಲ್ಲಿ ಹೇಳುವಂಥದ್ದು ಏನೂ ಇಲ್ಲ. ಸಹಾಯಕ ಡ್ರಾಯಿಂಗ್ ಮಾಸ್ತರನಾಗಿದ್ದೆ, ಮೇಲಿನವರು ತೀರಿಕೊಂಡರು, ಡ್ರಾಯಿಂಗ್ ಮಾಸ್ತರನಾದೆ. ಅದೇ ವಾರ ಸಹಾಯಕನ ಹುದ್ದೆ ರದ್ದಾಯಿತು. ಅಲ್ಲಿಂದ ಎರಡೂ ಕೆಲಸವನ್ನು ನಾನೇ ಮಾಡಿದೆ.

ಟ್ರೇನಿಂಗಿನಲ್ಲಿ ನಿಮಗೆ ಗೋಲ, ಶಂಕು, ಚೌಕದ ಪೆಟ್ಟಿಗೆ ಬರೆಯಲು ಕಲಿಸಿರುತ್ತಾರೆ. ಇಷ್ಟು ವರ್ಷಗಳಲ್ಲಿ ಒಂದು ಶಂಕು ಬರೆದುಕೊಡಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಹೆಡ್‌ಮಾಸ್ತರರ ಬಾಗಿಲಿಗೆ ಹೆಸರಿನ ಹಲಗೆ, ಮುಂಜಿ ಮಂಟಪಕ್ಕೆ ಜೋಡಿ ನವಿಲು, ತೀರಿಹೋದ ಹಿರಿಯರ ಭಾವಚಿತ್ರ. ಆ ಚಿತ್ರ "ಸ್ವಲ್ಪ ನಗುವಂತೆ ಇರಲಿ" ಎನ್ನುತ್ತಿದ್ದರು. ಬದುಕಿದ್ದಾಗ ಆ ಹಿರಿಯರು ನಕ್ಕದ್ದನ್ನು ಕಂಡವರು ಆ ಓಣಿಯಲ್ಲಿ ಒಬ್ಬರೂ ಇರುತ್ತಿರಲಿಲ್ಲ.

ಮೊದಲ ಪಾಠವನ್ನು ನನಗೆ ಕಲಿಸಿದವನು ದೇವು ತಾಂಡೇಲ. ಕಡಲಿಗೆ ಹೋಗುವ ದೋಣಿಯ ಯಜಮಾನ, ಹಾಯಿ ಹೊಲಿಯುವುದರಲ್ಲಿ ಕಾರವಾರಕ್ಕೇ ಹೆಸರಾದವನು. ಆಗ ನಾವು ನಕಲು ಪುಸ್ತಕ ನೋಡಿ ಬರೆಸುತ್ತಿದ್ದೆವು. ಪುಸ್ತಕದಲ್ಲಿ ವಿಲಾಯತಿಯ ದೋಣಿಯೊಂದಿತ್ತು. ಅದನ್ನು ಬಿಟ್ಟು ಮನೆಯ ದೋಣಿಯನ್ನೇ ಬರೆದಿದ್ದ ತಾಂಡೇಲನ ಮಗನಿಗೆ ನಾನು ಸೊನ್ನೆ ಹಾಕಿದ್ದೆ. ಮರುದಿನ ತಾಂಡೇಲ ಆ ಹಾಳೆ ಹಿಡಿದು ಶಾಲೆಗೇ ಬಂದ.

"ಮಾಸ್ತರ್, ಈ ದೋಣಿ ನೀರಿಗೆ ಹಾಕಿದ್ರೆ ತೇಲ್ತದೆ ನೋಡಿ. ನಿಮ್ಮ ಪುಸ್ತಕದ್ದು ಅಲೆಗೆ ಮಗುಚ್ತದೆ. ಮುಳುಗೋದಕ್ಕೆ ಮಾರ್ಕು, ತೇಲೋದಕ್ಕೆ ಸೊನ್ನೆ. ಇದು ಯಾವ ಸೀಮೆ ಲೆಕ್ಕ?"

ನಾನು ಕೋಟಿನ ಕಿಸೆಗೆ ಕೈ ಹಾಕಿ ರಬ್ಬರು ತೆಗೆದು ಸೊನ್ನೆಯನ್ನು ಅಳಿಸಿದೆ. ಅಂದಿನಿಂದ ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡು ಕಣ್ಣಿಗೆ ಬಿದ್ದದ್ದನ್ನು ಗುಟ್ಟಾಗಿ ಬರೆಯತೊಡಗಿದೆ: ಬಲೆ, ಬುಟ್ಟಿ, ಮೀನು ಮಾರುವವರ ಕೈ, ಕಚೇರಿಯ ಎದುರು ಕುಳಿತವರ ಬೆನ್ನು. ಹತ್ತು ವರ್ಷದ ಮೇಲೆ ಇಲಾಖೆಯೇ ಸುತ್ತೋಲೆ ಕಳಿಸಿತು, ಇನ್ನು ಮುಂದೆ ನಿಸರ್ಗವನ್ನು ನೋಡಿಯೇ ಬರೆಯತಕ್ಕದ್ದು ಎಂದು. ಕದ್ದು ಮಾಡುತ್ತಿದ್ದ ಕೆಲಸ ಅಪ್ಪಣೆಯಾದ ಕೂಡಲೇ ನನ್ನ ಗೆರೆ ಯಾಕೋ ಕೆಟ್ಟಿತು. ಕಾರಣ ಗೊತ್ತಿಲ್ಲ. ನೀವು ಹುಷಾರಾಗಿರಿ.

ಈ ಪುಸ್ತಕದಿಂದಲೇ ನನ್ನ ಅಳಿಸಲಾಗದ ಗೆರೆ ಹುಟ್ಟಿತು. ಆದರೆ ಅದಕ್ಕೆ ಮೊದಲು ಇನ್ನೊಂದು ಪುಸ್ತಕದ ವಿಷಯ ಹೇಳಬೇಕು.

ಶಾಲೆಯ ಕಪಾಟಿನಲ್ಲಿ, ಊರು ಬಿಟ್ಟುಹೋದ ಯಾವನೋ ಬಿಳಿಯ ಅಧಿಕಾರಿ ಬಿಟ್ಟುಹೋದ ದೊಡ್ಡ ಚಿತ್ರಸಂಪುಟವಿತ್ತು. ರಟ್ಟು ಹೋಗಿತ್ತು, ಮೂಲೆಗಳನ್ನು ಗೆದ್ದಲು ತಿಂದಿತ್ತು. ಯುರೋಪಿನ ಅರಮನೆಗಳ ಛಾವಣಿಯ ಒಳಮೈಗೆ ಮುನ್ನೂರು ವರ್ಷದ ಹಿಂದೆ ಬರೆದ ಚಿತ್ರಗಳ ಅಚ್ಚುಗಳು ಅವು. ಬರೋಕ್ ಎನ್ನುತ್ತಾರಂತೆ ಆ ಬಗೆಯನ್ನು. ಊಟದ ಬಿಡುವಿನಲ್ಲಿ ಅದನ್ನು ಬಿಡಿಸಿಕೊಂಡು ಕೂರುವುದು ನನ್ನ ಚಟವಾಯಿತು.

ಎಲ್ಲ ಚಿತ್ರದಲ್ಲೂ ರಾಜ ಮೋಡದ ಮೇಲೆ. ಎದುರಿಗೆ ತಕ್ಕಡಿ ಹಿಡಿದ ಹೆಂಗಸು, ಅವಳು ನ್ಯಾಯ. ಕೊಂಬಿನ ತುಂಬ ಹಣ್ಣು ತುಂಬಿಕೊಂಡವಳು ಸಮೃದ್ಧಿ. ತುತ್ತೂರಿ ಊದುವವಳು ಕೀರ್ತಿ. ನಾಲ್ಕು ಮೂಲೆಗೆ ನಾಲ್ಕು ಖಂಡಗಳು ಕಾಣಿಕೆ ಹಿಡಿದು ಕಾದಿರುತ್ತವೆ. ಏಶಿಯಾ ಖಂಡವನ್ನು ಹುಡುಕಿದೆ. ಒಂಟೆಯ ಪಕ್ಕದಲ್ಲಿ ಧೂಪದ ಪಾತ್ರೆ ಹಿಡಿದು ಮಂಡಿಯೂರಿದ್ದಳು. ಅವಳಲ್ಲಿ ಪರಿಚಯದವರ ಹೋಲಿಕೆಯೇನೂ ಕಾಣಲಿಲ್ಲ.

ನಮ್ಮ ಯಕ್ಷಗಾನದ ಒಡ್ಡೋಲಗದಲ್ಲಿ ರಾಜ ತಾನೇ ಕುಣಿದು ತಾನು ಯಾರೆಂದು ಹೇಳಿಕೊಳ್ಳುತ್ತಾನೆ. ಇಲ್ಲಿ ರಾಜನಿಗೆ ಮಾತಿಲ್ಲ. ಸುತ್ತಲಿನ ಹೆಂಗಸರೆಲ್ಲ ಸೇರಿ ಅವನ ಪರವಾಗಿ ಹೇಳುತ್ತಾರೆ. ಇಷ್ಟು ಜನ ಯಾಕೆ ಬೇಕು ಎಂದು ಯೋಚಿಸಿದೆ. ಒಮ್ಮೆ ಬಿಳಿ ಕಾಗದದ ತುಂಡುಗಳಿಂದ ನ್ಯಾಯ, ಸಮೃದ್ಧಿ, ಕೀರ್ತಿ, ಮೋಡ ಎಲ್ಲವನ್ನೂ ಮುಚ್ಚಿ ನೋಡಿದೆ. ಉಳಿದವನು ಕೃತಕ ಕೂದಲಿನ ಟೋಪನ್ ತೊಟ್ಟ, ಕಾಲುನೋವಿನ ಒಬ್ಬ ಮುದುಕ. ಅಧಿಕಾರಕ್ಕೆ ಸ್ವಂತ ಆಕಾರವೆಂಬುದಿಲ್ಲ, ಅದನ್ನು ಬರೆಯಲು ಬರುವುದಿಲ್ಲ ಎಂಬುದು ಅಂದು ಹೊಳೆಯಿತು. ಅದರ ಸುತ್ತ ಇರುವುದನ್ನು ಬರೆಯಬಹುದು: ಎತ್ತಿ ಹಿಡಿದವರು, ಬಾಗಿದವರು, ಕಾಲಡಿಗೆ ಬಿದ್ದವರು.

ಇನ್ನೂ ಎರಡು ಸಂಗತಿ ಕಂಡವು. ಚಿತ್ರ ಛಾವಣಿಯಲ್ಲಿರುವುದರಿಂದ ನೋಡುವವನು ಕತ್ತು ಹಿಂದಕ್ಕೆ ಮುರಿದು ಬಾಯಿ ತೆರೆದು ನಿಲ್ಲಬೇಕು. ಆ ಚಿತ್ರಕಾರರು ಜಾಣರು. ನೋಡುವ ಭಂಗಿಯಲ್ಲೇ ದೈನ್ಯವನ್ನು ಸೇರಿಸಿಬಿಟ್ಟಿದ್ದರು. ಎರಡನೆಯದು, ರಾಜನ ಪಾದದಡಿಗೆ ಹಾವಿನ ಕೂದಲಿನ, ಪಂಜು ಹಿಡಿದ ಒಬ್ಬನನ್ನು ಕೆಡವಿರುತ್ತಾರೆ. ಅವನು ದಂಗೆ. ಎಲ್ಲ ಅಚ್ಚುಗಳಲ್ಲೂ ಅತಿ ಚೆನ್ನಾಗಿ ಬರೆದಿದ್ದ ಮುಖ ಅವನದೇ. ರಾಜನ ಮೂಗು ಹೆಚ್ಚುಕಡಿಮೆಯಾದರೆ ಕೇಳುವವರು ಇರುತ್ತಾರೆ. ದಂಗೆಯ ಮೂಗನ್ನು ಯಾರು ಕೇಳಬೇಕು? ಅಲ್ಲಿ ಚಿತ್ರಕಾರನ ಕೈ ಸಡಿಲಾಗಿರುತ್ತದೆ.

ಈ ಜ್ಞಾನವನ್ನೆಲ್ಲ ಕಪಾಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರೆ ಚೆನ್ನಾಗಿತ್ತು.

ಮೂವತ್ತರ ದಶಕದ ನಡುವಿನ ಒಂದು ವರ್ಷ, ದೀಪಾವಳಿಯ ಬೆನ್ನಿಗೇ ಮುಂಬಯಿ ಕಡೆಯ ದೊಡ್ಡ ಸಾಹೇಬರೊಬ್ಬರು ಅಂಕೋಲೆಗೆ ಬರುವವರಿದ್ದರು. ಆ ತಾಲೂಕಿನ ಮುಖ್ಯಸ್ಥರಾದ ಮಾಮಲೇದಾರರು ಧಾರವಾಡ ಕಡೆಯವರು, ಸಣ್ಣ ದನಿಯವರು, ಅವರ ಮಾತಿಗಿಂತ ಮೌನಕ್ಕೆ ನಾವು ಹೆದರುತ್ತಿದ್ದೆವು. ನನ್ನನ್ನು ಕರೆಸಿ, ಮಂಟಪದ ಹಿಂದೆ ನಿಲ್ಲಿಸಲು ಒಂದು ದೊಡ್ಡ ಪಟ ಬೇಕು, ಸರಕಾರದ ಪ್ರತಾಪ ಅದರಲ್ಲಿ ಕಾಣಬೇಕು ಎಂದರು. ನಾನು ಚಿತ್ರಸಂಪುಟ ಒಯ್ದು ತೋರಿಸಿದೆ. ಅವರು ಒಂದೊಂದೇ ಹಾಳೆ ತಿರುವಿದರು.

"ಇವರೆಲ್ಲಾ ಯಾರ್ರಿ, ಇಷ್ಟು ಹೆಣಮಕ್ಕಳು?"

ವಿವರಿಸಿದೆ.

"ಈಕಿ ಕಣ್ಣಿಗೆ ಬಟ್ಟಿ ಯಾಕ ಕಟ್ಯಾರ?"

"ನ್ಯಾಯ ಮುಖ ನೋಡಬಾರದು ಅಂತ, ಸಾಹೇಬ್ರೆ."

"ಬಿಚ್ಚಿಬಿಡ್ರಿ. ಸರಕಾರಕ್ಕ ಕಣ್ಣಿಲ್ಲ ಅಂತ ಮೊದಲ ಅಂತಾರ ಮಂದಿ."

ಕೊನೆಗೆ ಎಲ್ಲಕ್ಕಿಂತ ದೊಡ್ಡ ಚಿತ್ರವನ್ನು ಬೆರಳಿನಿಂದ ಒತ್ತಿ, "ಇದು" ಎಂದರು. ಮೋಡದ ಮೇಲಿನ ರಾಜನ ಜಾಗಕ್ಕೆ ನಮ್ಮ ಚಕ್ರವರ್ತಿಗಳನ್ನು ಕೂರಿಸತಕ್ಕದ್ದು, ಉಳಿದದ್ದು ಹಾಗೆಯೇ ಇರಲಿ ಎಂದಾಯಿತು.

ಅಷ್ಟು ದೊಡ್ಡ ಬಟ್ಟೆ ಎಲ್ಲಿ? ತಾಂಡೇಲ ಹೊಸದಾಗಿ ಹೊಲಿದಿಟ್ಟ ಹಾಯಿಯನ್ನು ಎರವಲು ಕೊಟ್ಟ. "ಕೆಲಸ ಆದ್ಮೇಲೆ ವಾಪಸ್ ಬೇಕು ಮಾಸ್ತರ್. ನಿಮ್ಮ ರಾಜ ಅದ್ರ ಮೇಲೆ ಇದ್ರೂ ಅಡ್ಡಿಲ್ಲ, ಗಾಳಿ ಹಿಡಿದ್ರೆ ಸಾಕು" ಎಂದ. ರಜೆಯಲ್ಲಿ ಶಾಲೆಯ ಹಾಲಿನ ನೆಲದ ಮೇಲೆ ಹಾಯಿ ಹಾಸಿ, ಸರೇಸಿನ ಅಂಟು ಬಳಿದು, ಅದರ ಮೇಲೆ ತೆವಳುತ್ತ ಇಪ್ಪತ್ತು ದಿನ ಬರೆದೆ. ಚಕ್ರವರ್ತಿಗಳ ಮುಖವನ್ನು ನಾಣ್ಯ ನೋಡಿ ಬರೆದೆ. ಸಮೃದ್ಧಿಗೆ ಮಾವು, ಹಲಸು, ಬಂಗಡೆ ಮೀನು ಕೊಟ್ಟೆ. ದಂಗೆಯ ಹತ್ತಿರ ಬಂದಾಗ ತೊಡಕಾಯಿತು. ಅಚ್ಚಿನಲ್ಲಿ ಸರಿಯಾಗಿ ಅವನ ಮುಖವನ್ನೇ ಗೆದ್ದಲು ತಿಂದಿತ್ತು.

ನನ್ನ ಸಣ್ಣ ಪುಸ್ತಕ ತೆರೆದೆ. ಎರಡು ಮೂರು ವರ್ಷದ ಹಿಂದೆ ಅಂಕೋಲೆಯ ಕಚೇರಿಯ ಎದುರಿನ ಮರದ ಬುಡದಲ್ಲಿ ಕುಳಿತಿದ್ದ ಒಬ್ಬ ರೈತನ ಮುಖ ಅದರಲ್ಲಿತ್ತು. ಅಗಲ ಹಣೆ, ಬಲಗಡೆ ಹುಬ್ಬನ್ನು ಸೀಳಿದ ಹಳೆಯ ಗಾಯ, ಮುಚ್ಚಿದ ತುಟಿ. ಆ ಮನುಷ್ಯ ಅರ್ಧ ತಾಸು ಕದಲದೆ ಕುಳಿತಿದ್ದ. ಎಂಥ ಮಾದರಿ ಸಿಕ್ಕಿತು ಎಂದು ನಾನು ಹಿಗ್ಗಿದ್ದೆ. ನನ್ನ ಜನ್ಮದಲ್ಲಿ ಅದಕ್ಕಿಂತ ಒಳ್ಳೆಯ ಮುಖ ಬರೆದಿಲ್ಲ. ಅದು ಯಾರೆಂದು ಗೊತ್ತಿರಲಿಲ್ಲ, ಕೇಳುವ ಬುದ್ಧಿಯೂ ಬರಲಿಲ್ಲ. ಒಳ್ಳೆಯ ಚಿತ್ರ ವ್ಯರ್ಥವಾಗಬಾರದು ಎಂಬ ಹೆಮ್ಮೆಯಿಂದ ಅದನ್ನು ಎತ್ತಿ ಚಕ್ರವರ್ತಿಗಳ ಬೂಟಿನಡಿಗೆ ಇಟ್ಟೆ. ಹಾವಿನ ಕೂದಲು ಆ ಹಣೆಗೆ ಒಪ್ಪಲಿಲ್ಲ; ಬಿಟ್ಟುಬಿಟ್ಟೆ.

ದೀಪಾವಳಿಗೆ ಮೂರು ದಿನ ಮೊದಲು ಪಟವನ್ನು ಅಂಕೋಲೆಯ ಬಯಲಿನಲ್ಲಿ ಬಿದಿರಿನ ಚೌಕಟ್ಟಿಗೆ ಕಟ್ಟಿ ನಿಲ್ಲಿಸಿದರು. ಅದನ್ನು ನಿಂತ ಹಾಗೆ ನಾನು ಕಂಡದ್ದು ಆಗಲೇ ಮೊದಲು. ಕಂಡವನೇ ಅಲ್ಲಿದ್ದ ಕಲ್ಲಿನ ಮೇಲೆ ಕೂತೆ.

ಛಾವಣಿಗಾಗಿ ಬರೆದ ಚಿತ್ರ ಅದು. ಕೆಳಗಿನಿಂದ ನೋಡುವವರಿಗೆ ಸರಿಯಾಗಲೆಂದು ಅದರಲ್ಲಿ ಪಾದಗಳು ದೊಡ್ಡವು, ಮೇಲೆ ಹೋದಂತೆ ಮೈ ಸಣ್ಣದು. ನಾನು ಅದನ್ನು ಗೋಡೆಯಂತೆ ನಿಲ್ಲಿಸಿದ್ದೆ. ಚಕ್ರವರ್ತಿಗಳು ಮೂರಾಳೆತ್ತರದಲ್ಲಿ ಮೋಡದ ನಡುವೆ ಅಡಿಕೆಯಷ್ಟಾಗಿ ಹೋಗಿದ್ದರು. ನ್ಯಾಯವೂ ಕೀರ್ತಿಯೂ ಬಿಸಿಲಿಗೆ ಹೊಳೆದು ಕಾಣಿಸುತ್ತಲೇ ಇರಲಿಲ್ಲ. ಕಾಣುತ್ತಿದ್ದದ್ದು ದೋಣಿಯಷ್ಟು ದೊಡ್ಡ ಎರಡು ಬೂಟಿನ ಅಟ್ಟೆಗಳು. ಅವುಗಳ ಅಡಿಯಲ್ಲಿ, ನಿಂತ ಮನುಷ್ಯನ ಕಣ್ಣಿಗೆ ಸಮನಾಗಿ, ಒಂದೇ ಒಂದು ಮುಖ.

ನಾನು ಅಂಕೋಲೆಯಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿ ಇಳಿದಿದ್ದೆ. ಮಳೆ ಬಂದೀತು, ಗಾಳಿ ಎದ್ದೀತು, ದನ ತಿಂದೀತು ಎಂದು ದಿನಕ್ಕೆ ನಾಲ್ಕು ಸಲ ಬಯಲಿಗೆ ಹೋಗುತ್ತಿದ್ದೆ. ಚತುರ್ದಶಿಯ ಹಿಂದಿನ ದಿನ ಹೋದಾಗ, ಸಂತೆ ಮುಗಿಸಿ ಬುಟ್ಟಿ ಹೊತ್ತ ವಯಸ್ಸಾದ ಹೆಂಗಸೊಬ್ಬಳು ಪಟದ ಎದುರು ನಿಂತಿದ್ದಳು. ಬುಟ್ಟಿಯನ್ನು ಕೆಳಗಿಟ್ಟಳು. ಹತ್ತಿರ ಹೋದಳು. ಬಣ್ಣದ ಹುಬ್ಬಿನ ಗಾಯವನ್ನು ಬೆರಳಿನಿಂದ ಮುಟ್ಟಿದಳು.

"ಇದು ನಮ್ಮ ಬೊಮ್ಮಯ್ಯ ಅಲ್ವ?" ಎಂದು ನನ್ನನ್ನೇ ಕೇಳಿದಳು.

"ಯಾವ ಬೊಮ್ಮಯ್ಯ?"

"ನನ್ನ ತಮ್ಮ. ಶೆಟಗೇರಿಯವ. ಈ ಗಾಯ ಸಣ್ಣವ ಇರೂವಾಗ ನನ್ನ ಕತ್ತಿ ತಾಗೇ ಆದದ್ದು. ಯಾರು ಬರ್ದದ್ದು ಇದ್ನ?"

"ಕಾರವಾರದ ಯಾರೋ ಮಾಸ್ತರ" ಎಂದೆ. ಸುಳ್ಳಲ್ಲ. ಆದರೆ ಆ ಮಾತಿನ ಮೇಲೆ ನನಗೆ ಇಂದಿಗೂ ಗೌರವವಿಲ್ಲ.

ಸಂಜೆ ಭಾವನ ಬಳಿ ಹೆಸರು ಹೇಳಿ ವಿಚಾರಿಸಿದೆ. ಆಕೆ ಹೊನ್ನಕ್ಕ. ತಮ್ಮ ಬೊಮ್ಮಯ್ಯ ಕರ ಕೊಡುವುದಿಲ್ಲವೆಂದು ನಿಂತವರಲ್ಲಿ ಒಬ್ಬ. ಜೈಲಿಗೆ ಹೋಗಿ ಬಂದಿದ್ದ. ಗದ್ದೆಯನ್ನು ಸರಕಾರ ಕಿತ್ತುಕೊಂಡಿತ್ತು. ಬೇರೆಯವರು ಬೇಸಾಯ ಮಾಡುತ್ತಿದ್ದರು. ಈಗಲೂ ವಾರಕ್ಕೊಮ್ಮೆ ಪೊಲೀಸ್ ಫೌಜದಾರರ ಮುಂದೆ ಹೋಗಿ ಹಾಜರಿ ಹಾಕಬೇಕು, ಅವನ ಸುತ್ತ ನಾಲ್ಕು ಜನ ಸೇರಿದರೆ ಮತ್ತೆ ಒಳಗೆ ಎಂದು ಎಚ್ಚರಿಕೆ ಕೊಟ್ಟಿದ್ದರು. "ಗದ್ದೆ ಹೋದ ಹುಕುಂ ಕೊಟ್ಟ ದಿನ ಕಚೇರಿ ಮುಂದಿನ ಮರದ ಬುಡಕ್ಕೆ ಕೂತವ ಸುಮಾರು ಹೊತ್ತು ಏಳಲೇ ಇಲ್ಲವಂತೆ" ಎಂದರು ಭಾವ.

ಒಬ್ಬ ಮನುಷ್ಯ ಇದ್ದದ್ದೆಲ್ಲ ಕಳೆದುಕೊಂಡು ಕೂತ ಅರ್ಧ ತಾಸನ್ನು ನಾನು ಒಳ್ಳೆಯ ಮಾದರಿ ಎಂದುಕೊಂಡು ಪೆನ್ಸಿಲು ಚೂಪು ಮಾಡಿಕೊಂಡಿದ್ದೆ. ಈಗ ಅವನ ಮುಖವನ್ನು ಅವನ ಊರ ದಾರಿಯಲ್ಲೇ ಬೂಟಿನಡಿಗೆ ಹಾಕಿ ನಿಲ್ಲಿಸಿದ್ದೆ. ಸಾಹೇಬರ ದಿನ ಫೌಜದಾರರು ಗುರುತು ಹಿಡಿದರೆ ಬೊಮ್ಮಯ್ಯನಿಗೆ ಏನು ಕಾದಿದೆಯೋ.

ಮರುದಿನ ಮಾಮಲೇದಾರರ ಬಳಿ ಹೋಗಿ, ಕೆಳಗಡೆ ಬಣ್ಣ ಒಡೆದಂತಿದೆ, ಸ್ವಲ್ಪ ತಿದ್ದಬೇಕು ಎಂದೆ.

"ಹಬ್ಬ ಮುಗೀಲಿ, ನೋಡೂಣು" ಎಂದರು.

ಹಬ್ಬ ಮುಗಿಯಲು ಬಿಡುವ ಧೈರ್ಯ ನನಗಿರಲಿಲ್ಲ. ಪಾಡ್ಯದ ದಿನ, ಬೆಳಕು ಹರಿದ ಕೂಡಲೇ, ಕಪ್ಪು ಬಣ್ಣದ ಡಬ್ಬಿಯನ್ನೂ ಬ್ರಶ್ಶನ್ನೂ ಕೋಟಿನೊಳಗೆ ಅಡಗಿಸಿಕೊಂಡು ಬಯಲಿಗೆ ಹೊರಟೆ. ಉಪಾಯ ಸರಳವಾಗಿತ್ತು: ಎದೆಯವರೆಗೆ ಗಡ್ಡ, ಕಿವಿಯವರೆಗೆ ಮೀಸೆ. ಅದರ ಮೇಲೆ ಅವನ ಅಕ್ಕನೂ ಗುರುತಿಸಬಾರದು.

ಪಟದ ಮುಂದೆ ಹತ್ತು ಹನ್ನೆರಡು ಜನ ಇದ್ದರು. ಬೂಟಿನ ಕೆಳಗೆ, ಆ ಮುಖದ ನೇರಕ್ಕೆ, ನೆಲವನ್ನು ಸಾರಿಸಿ ರಂಗೋಲಿ ಎಳೆದಿದ್ದರು. ಅದರ ಮೇಲೆ ನೀರು ತುಂಬಿದ ಕಲಶ, ಪಕ್ಕದಲ್ಲಿ ಒಂದು ಮೊಗೆಕಾಯಿ, ಅಡಿಕೆಯ ಹಿಂಗಾರ, ಉರಿಯುವ ದೀಪ. ಚೆಂಡುಹೂವಿನ ಮಾಲೆಯನ್ನು ಬಿದಿರಿಗೆ ಸಿಕ್ಕಿಸಿ ಮುಖದ ಸುತ್ತ ಇಳಿಬಿಟ್ಟಿದ್ದರು. ಮನೆಯಲ್ಲಿ ಬಲೀಂದ್ರನನ್ನು ಹೇಗೆ ಕೂರಿಸುತ್ತಾರೋ ಹಾಗೆ.

ಆಗ ನನಗೆ ನನ್ನ ದಡ್ಡತನ ತಿಳಿಯಿತು. ಇಪ್ಪತ್ತು ದಿನ ಆ ಬಟ್ಟೆಯ ಮೇಲೆ ತೆವಳಿದವನು ನಾನು, ಹುಟ್ಟಿದಾಗಿನಿಂದ ಪಾಡ್ಯ ಮಾಡಿದವನು; ಆದರೂ ತಲೆಯ ಮೇಲೆ ಪಾದ ಇಡಿಸಿಕೊಂಡವನನ್ನು ಈ ಕರಾವಳಿಯಲ್ಲಿ ಏನೆಂದು ಕರೆಯುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಯುರೋಪಿನಲ್ಲಿ ಅವನು ದಂಗೆ. ಅಂಕೋಲೆಯಲ್ಲಿ, ದೀಪಾವಳಿಯ ವಾರದಲ್ಲಿ, ಅವನು ಬಲಿ ಚಕ್ರವರ್ತಿ.

ಗುಂಪಿನ ಹಿಂದಿನಿಂದ ಒಬ್ಬ ಮುಂದೆ ಬಂದ. ನಾನು ಬರೆದದ್ದಕ್ಕಿಂತ ಬಡಕಲಾಗಿದ್ದ. ಹುಬ್ಬಿನ ಗಾಯ ಅದೇ.

"ನೀವೇಯ ಆ ಮಾಸ್ತರ್ರು?" ಎಂದ ಬೊಮ್ಮಯ್ಯ. "ಕೋಟಿನೊಳಗೆ ಎಂತ ಅದೆ?"

ಬಣ್ಣದ ಡಬ್ಬಿ ತೆಗೆದು ತೋರಿಸಿದೆ. ಸುಳ್ಳು ಹೇಳುವ ಶಕ್ತಿ ಆ ಹೊತ್ತಿಗೆ ಮುಗಿದಿತ್ತು.

"ತಪ್ಪಾಯ್ತು. ನೀವು ಯಾರು ಅಂತ ಗೊತ್ತಿಲ್ಲದೆ ಬರೆದುಬಿಟ್ಟೆ. ಒಂದು ಗಡ್ಡ ಮೀಸೆ ಹಾಕಿಬಿಡ್ತೇನೆ. ಯಾರಿಗೂ ಗೊತ್ತಾಗೋದಿಲ್ಲ."

"ಗಡ್ಡದ ಬಲಿ ಎಲ್ಲಾದ್ರೂ ಇದ್ನನಾ?" ಎಂದ ಗುಂಪಿನಲ್ಲೊಬ್ಬ. ಎರಡು ಮೂರು ಜನ ನಕ್ಕರು.

ಹೊನ್ನಕ್ಕ ನಗಲಿಲ್ಲ. "ನೀವೇ ಅಂತ ಆವತ್ತೇ ಹೇಳಿದ್ರೆ ಎಂತ ಆಗ್ತಿತ್ತು? ಕೈಗೆ ಬಣ್ಣ ಅಂಟಿತ್ತು, ನಾ ನೋಡಿದ್ದೆ" ಎಂದಳು.

ನಾನು ಬೊಮ್ಮಯ್ಯನಿಗೆ ಎಲ್ಲವನ್ನೂ ಹೇಳಿದೆ: ನಾಡಿದ್ದು ಸಾಹೇಬರು ಬರುತ್ತಾರೆ, ಫೌಜದಾರರು ಇಲ್ಲೇ ನಿಂತಿರುತ್ತಾರೆ, ಈ ಹೂವು ಈ ದೀಪ ಈ ಮುಖ ಮೂರನ್ನೂ ಕೂಡಿಸಿ ನೋಡಿದರೆ ನಿಮಗೆ ಜೈಲು, ನೌಕರಿ ಹೋಗಿ ನನಗೆ ಮನೆ. ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ ಪಟವನ್ನು ಕೆಳಗಿನಿಂದ ಮೇಲೆ, ಬೂಟು, ಮೋಡ, ಅಡಿಕೆಯಷ್ಟಾದ ಚಕ್ರವರ್ತಿ, ಎಲ್ಲವನ್ನೂ ನಿಧಾನವಾಗಿ ನೋಡಿದ.

"ಮಾಸ್ತರ್ರೆ, ವಾಮನ ದೇವ್ರು. ಅಲ್ಲ ಅಂಬೂದಿಲ್ಲ, ಅಡ್ಡ ಬೀಳ್ತೆ. ಆದ್ರೆ ವರ್ಷಕ್ಕೊಂದ್ಸಲ ಮನೆಗೆ ಬಾ ಅಂತ ನಾವು ಕರೆಯೂದು ಯಾರ್ನ? ತುಳಿದವ್ನ ಅಲ್ಲ, ತುಳಿಸ್ಕಂಡವ್ನ. ನನ್ನ ಗದ್ದೆಗೆ ನಾ ಕಾಲಿಡೂಕೆ ಆಗೂದಿಲ್ಲ. ಈ ಬಟ್ಟೆ ಮೇಲಾದ್ರೂ ಮುಖ ಇರ್ಲಿ ಬಿಡಿ. ಜೈಲು ನಾ ಕಾಣದ್ದೇನಲ್ಲ." ನನ್ನ ಡಬ್ಬಿಯತ್ತ ಕೈ ತೋರಿಸಿ, "ನಿಮ್ಮ ನೌಕರಿ ನಿಮ್ಮದು. ಹೆದ್ರಿಕೆ ಇದ್ರೆ ಬರೀರಿ ಗಡ್ಡ. ನಾ ತಡೆಯೂದಿಲ್ಲ" ಎಂದ.

ನಾನು ಡಬ್ಬಿಯ ಮುಚ್ಚಳ ತೆರೆದೆ. ಬ್ರಶ್ಶನ್ನು ಅದ್ದಿದೆ. ಹೌದು, ಅದ್ದಿದೆ, ಹೆದರಿಕೆ ಇತ್ತು. ಪಟದ ಹತ್ತಿರ ಹೋಗಿ ಮೂಗಿನ ಕೆಳಗೆ ಕೈ ಒಯ್ದೆ. ಆ ತುಟಿಯನ್ನು ನಾನು ಬರೆದ ದಿನ ಅದು ಹೇಗೆ ಮುಚ್ಚಿತ್ತು ಎಂಬುದು ನೆನಪಾಯಿತು. ಈಗ ಅದು ಯಾಕೆ ಮುಚ್ಚಿತ್ತೆಂಬುದೂ ಗೊತ್ತಿತ್ತು. ಮುಚ್ಚಿದ ಬಾಯಿಯನ್ನು ಇನ್ನೊಮ್ಮೆ ಮುಚ್ಚಲು ಕೈ ಏಳಲಿಲ್ಲ. ಬ್ರಶ್ಶಿನಿಂದ ಒಂದು ಹನಿ ನನ್ನ ಚಪ್ಪಲಿಯ ಮೇಲೆ ಬಿತ್ತು.

ಹಿಂದೆ ಗಾಡಿಯ ಸದ್ದಾಯಿತು. ಜನ ಚದರಿದರು. ತಿರುಗಿದರೆ ಮಾಮಲೇದಾರರು.

ಅವರು ಮೊದಲು ಹೂವನ್ನು ನೋಡಿದರು, ಆಮೇಲೆ ಮುಖವನ್ನು, ಆಮೇಲೆ ನನ್ನ ಬ್ರಶ್ಶನ್ನು. ದೂರದಲ್ಲಿ ಅಕ್ಕನ ಪಕ್ಕ ನಡೆದುಹೋಗುತ್ತಿದ್ದ ಬೊಮ್ಮಯ್ಯನ ಬೆನ್ನನ್ನೂ ನೋಡಿದರೆಂದು ನನಗೆ ಅನ್ನಿಸಿತು.

"ಬಣ್ಣ ಎಲ್ಲಿ ಒಡದದ್ರಿ?"

"ಒಡೆದಿಲ್ಲ, ಸಾಹೇಬ್ರೆ. ಒಡೆದೀತು ಅಂತ."

"ಹ್ಞಾ." ದೀಪವನ್ನು ಬಳಸಿ ಈಚೆ ಬಂದರು. "ಮಂದಿ ಚಕ್ರವರ್ತಿಗಳ ಪಾದಕ್ಕ ಹೂ ಏರಿಸ್ಯಾರ. ಹಂಗಂತ ರಿಪೋರ್ಟ್ ಬರೀತೀನಿ. ಈ ಹೂವಿಗೆ ಯಾರೂ ಕೈ ಹಚ್ಚಬಾರದು. ನೀವೂ ಮನಿಗೆ ಹೋಗ್ರಿ. ಹಬ್ಬ ಐತಿ."

ಅವರಿಗೆ ತಿಳಿಯಲಿಲ್ಲವೆಂದೇ ನಾನು ನಂಬಿದೆ. ಮೇಲಧಿಕಾರಿಗಳ ದಡ್ಡತನದ ಮೇಲೆ ಭರವಸೆ ಇಡುವುದು ನಮ್ಮ ವೃತ್ತಿಯ ಒಂದು ದೌರ್ಬಲ್ಯ.

ಸಾಹೇಬರು ಬಂದ ದಿನ ನಾನು ಮಂಟಪದ ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ. ಬಯಲಿನ ತುಂಬ ಜನ. ಮುಂದಿನ ಸಾಲಿನಲ್ಲೇ ಬೊಮ್ಮಯ್ಯ, ಶುಭ್ರವಾದ ಪಂಚೆ ಉಟ್ಟು. ಫೌಜದಾರರು ಬಂದರು. ನೇರವಾಗಿ ಪಟದ ಕಡೆಗೆ ನಡೆದರು. ಅದರ ಮುಂದೆ ನಿಂತರು. ಮತ್ತೆ ತಿರುಗಿ, ಪಟಕ್ಕೆ ಬೆನ್ನು ಹಾಕಿ, ಜನರತ್ತ ಮುಖ ಮಾಡಿ ಸೆಟೆದರು. ಬಂದೋಬಸ್ತಿನವರ ಕೆಲಸ ಮಂದಿಯನ್ನು ನೋಡುವುದು, ಚಿತ್ರವನ್ನಲ್ಲ. ಸಮಾರಂಭ ಮುಗಿಯುವ ತನಕ ಅವರು ನಿಜವಾದ ಬೊಮ್ಮಯ್ಯನ ಮೇಲೆಯೇ ಕಣ್ಣಿಟ್ಟಿದ್ದರು. ಬಣ್ಣದ ಬೊಮ್ಮಯ್ಯ ಅವರ ಹೆಗಲ ಮೇಲಿಂದ ಇಣುಕುತ್ತಿದ್ದ.

ದೊಡ್ಡ ಸಾಹೇಬರು ಇಳಿದರು. ಮಾಮಲೇದಾರರು ಹೂವು ತೋರಿಸಿ ಏನೋ ಹೇಳಿದರು. ಸಾಹೇಬರು ಸಂತೋಷದಿಂದ ತಲೆಯಾಡಿಸಿ, ಟೋಪಿ ತೆಗೆದು, ಕತ್ತನ್ನು ಹಿಂದಕ್ಕೆ ಮುರಿದು ಮೋಡದ ಕಡೆಗೆ ನೋಡಿದರು. ಅದೇ ಹೊತ್ತಿಗೆ ಬಯಲಿನ ಜನವೆಲ್ಲ ಕೈ ಮುಗಿಯಿತು. ಅಷ್ಟು ಜನರಲ್ಲಿ ಕತ್ತು ಎತ್ತಿದವರು ಸಾಹೇಬರೊಬ್ಬರೇ.

ಬೂಟು ಸ್ವಲ್ಪ ದೊಡ್ಡದಾಗಲಿಲ್ಲವೇ ಎಂದು ಅವರು ಕೇಳಿದರಂತೆ. ಈ ಜಿಲ್ಲೆಯ ಚಿತ್ರಕಲೆಯ ರೂಢಿ ಹಾಗೆ ಎಂದು ಮಾಮಲೇದಾರರು ಉತ್ತರ ಕೊಟ್ಟರಂತೆ.

ಮರುವರ್ಷ ಮಾಮಲೇದಾರರಿಗೆ ಬೇರೆ ಕಡೆ ವರ್ಗವಾಯಿತು. ಕಾರವಾರದಲ್ಲಿ ಬೀಳ್ಕೊಡಲು ಹೋದಾಗ, ಮೋಟಾರು ಹೊರಡುವ ಮೊದಲು ನನ್ನನ್ನು ಹತ್ತಿರ ಕರೆದರು. "ಮಾಸ್ತರ, ಅವತ್ತು ನಾನೂ ಮುಂಜಾನೆದ್ದು ಬಲೀಂದ್ರನ ಪೂಜಿ ಮುಗಿಸೇ ಬಂದಿದ್ದೆ" ಎಂದರು. ಅಷ್ಟೇ. ಮೋಟಾರು ಹೋಯಿತು. ನಾನು ಬಹಳ ಹೊತ್ತು ಧೂಳಿನಲ್ಲೇ ನಿಂತಿದ್ದೆ.

ಹಾಯಿಯನ್ನು ತಾಂಡೇಲ ವಾಪಸು ಒಯ್ದ. ಒಯ್ಯುವ ಮೊದಲು ಹೊನ್ನಕ್ಕ ಶೆಟಗೇರಿಯಿಂದ ಬಂದು ಮುಖವಿದ್ದ ಕೆಳಗಿನ ತುಂಡನ್ನು ಬೇಡಿದಳು. "ಹಾಯಿಗೆ ತುಂಡು ಹಚ್ಚೋದು ನಂಗೆ ಹೊಸದಲ್ಲ ಅಕ್ಕಾ, ತಕ್ಕೋ" ಎಂದು ತಾಂಡೇಲನೇ ಕತ್ತರಿಸಿಕೊಟ್ಟ. ಉಳಿದದ್ದು ಕಡಲಿಗೆ ಹೋಯಿತು. ಎರಡು ವರ್ಷ ಕಾರವಾರದ ಕಡಲಿನಲ್ಲಿ ಮೋಡದ ನಡುವಿನ ಚಕ್ರವರ್ತಿಗಳು ಗಾಳಿ ಹಿಡಿದು ಬಂಗಡೆಯ ಹಿಂದೆ ಓಡಾಡಿದರು. ಉಪ್ಪುಗಾಳಿಗೆ ಮೊದಲು ಮಾಸಿದ್ದು ಕೀರ್ತಿಯ ತುತ್ತೂರಿ. ಬಣ್ಣದ ಗುಣ ಅದು. ಅದಕ್ಕೆ ನಾನು ಬೇರೆ ಅರ್ಥ ಹಚ್ಚುವುದಿಲ್ಲ.

ಈಚೆಗೆ ಬೊಮ್ಮಯ್ಯನ ಗದ್ದೆ ಅವನಿಗೆ ತಿರುಗಿ ಸಿಕ್ಕಿತು. ಕಳೆದ ದೀಪಾವಳಿಗೆ ಹೇಳಿಕಳಿಸಿದ್ದ, ಹೋಗಿದ್ದೆ. ಜಗಲಿಯ ಗೋಡೆಗೆ ಆ ತುಂಡನ್ನು ಕಟ್ಟಿದ್ದರು. ಮಂಜುಗಣ್ಣಿಗೆ ಕಾಣಲೆಂದು ಬಹಳ ಹತ್ತಿರ ಹೋದೆ. ಹೊಸ ಮಾಸ್ತರರೇ, ನಿಮ್ಮ ಹಳೆಯ ಚಿತ್ರಗಳ ಹತ್ತಿರ ಹೋಗಬೇಡಿ, ತಪ್ಪುಗಳೇ ಕಾಣುತ್ತವೆ. ಕಿವಿ ಒಂದು ಬೆರಳು ಮೇಲಾಗಿತ್ತು. ಅದಕ್ಕಿಂತ ಹೆಚ್ಚು ಕಣ್ಣಿಗೆ ಚುಚ್ಚಿದ್ದು ಆ ಎರಡು ಅಟ್ಟೆಗಳು, ಹಣೆಯ ಮೇಲೆ ಕೂತ ಹಾಗೆಯೇ ಇದ್ದವು. ಗದ್ದೆ ಬಂದಮೇಲೂ ಅವು ಯಾಕೆ ಅಲ್ಲಿ ಇರಬೇಕು ಎಂದು ನನಗೆ ಸಂಕಟವಾಯಿತು. ಚೀಲದಲ್ಲಿ ಬ್ರಶ್ಶು ಬಣ್ಣ ತಂದೇ ಇದ್ದೆ.

"ಬೂಟನ್ನು ಅಳಿಸಿಬಿಡ್ತೇನೆ ಹೊನ್ನಕ್ಕ. ಒಂದು ತಾಸಿನ ಕೆಲಸ. ಮೋಡ ಬರೆದುಬಿಟ್ಟರೆ ಆಯ್ತು."

ಆಕೆ ಕಲಶಕ್ಕೆ ಹೂವು ಏರಿಸುತ್ತಿದ್ದಳು. ತಿರುಗದೆ ಹೇಳಿದಳು:

"ಇರ್ಲಿ ಬಿಡಿ ಮಾಸ್ತರ್ರೆ. ಪಾದ ತೆಗೆದ್ರೆ ಇವ ಬಲಿ ಹೆಂಗಾಗ್ತ? ಬರೀ ನಮ್ಮ ಬೊಮ್ಮಯ್ಯ ಆಗ್ತ. ಅವ ಹೆಂಗೂ ಮನೇಲೇ ಇದ್ದ."

ಒಳಗಿನಿಂದ ಬೊಮ್ಮಯ್ಯ, "ಕಡುಬು ಆರ್ತದೆ, ಮಾಸ್ತರ್ರ ಕರಿ" ಎಂದು ಕೂಗಿದ. ನಾನು ಬ್ರಶ್ಶನ್ನು ಚೀಲಕ್ಕೆ ಹಾಕಿ ಕೈ ತೊಳೆಯಲು ಹೋದೆ.